ಕರೆಯದಿದ್ದರೂ ಪಂಚಮಿಗೆ ಬರುವ ಮೆಹಜಬೀನ

ನಾಗರ ಪಂಚಮಿಯ ಮರುದಿನ. ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಿಮ್ಮಣ್ಣನ ಮನೆಯ ಕಟ್ಟೆಯ ಮೇಲೆ ಮೆಹಜಬೀನ ಆಗಲೇ ಬಂದು ಕುಳಿತಿದ್ದಾರೆ. ಓಣಿಯ ತಿರುವಿನಲ್ಲಿ ಆಸ್ಪತ್ರೆಯ ಜೀಪು ನಿಂತಿದೆ. ಮನೆಯೊಳಗಿನಿಂದ ಒಂದು ಗಂಡು ದನಿ ಕೇಳುತ್ತದೆ: "ಹಬ್ಬದಾಗೂ ಬಿಡಂಗಿಲ್ಲೇನ್ರಿ ನೀವು?"

"ಹಬ್ಬ ಬಿಟ್ರ ಮತ್ಯಾವಾಗ ಸಿಗ್ತೀರಿ ನೀವೆಲ್ಲ?" ಮೆಹಜಬೀನ ಕುಳಿತಲ್ಲಿಂದಲೇ ಗದರುತ್ತಾರೆ.

ಕುಷ್ಟಗಿಯ ಮೆಹಜಬೀನ ಕೊಪ್ಪಳದ ಕಣ್ಣಿನ ಆಸ್ಪತ್ರೆಯೊಂದರ ಪರವಾಗಿ ಊರೂರು ಸುತ್ತುತ್ತಾರೆ. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡವರ ಅಣ್ಣ, ತಮ್ಮ, ಅಕ್ಕ, ತಂಗಿಯರನ್ನು ಹುಡುಕಿ ತಪಾಸಣೆಗೆ ಕರೆತರುವುದು ಅವರ ಕೆಲಸ. ಕಣ್ಣಿನೊಳಗಿನ ಒತ್ತಡ, ಕಣ್ಣಿನ ನರದ ಸೂಕ್ಷ್ಮತೆ ಇವೆಲ್ಲ ರಕ್ತಸಂಬಂಧದಲ್ಲಿ ಇಳಿದು ಬರುವಂಥವು. ಒಬ್ಬರಿಗೆ ಈ ರೋಗ ಬಂದರೆ ಒಡಹುಟ್ಟಿದವರಿಗೂ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ನೋವಿಲ್ಲ, ಕೆಂಪಾಗುವುದಿಲ್ಲ, ದೃಷ್ಟಿ ಅಂಚಿನಿಂದ ಸದ್ದಿಲ್ಲದೆ ಹೋಗುತ್ತದೆ. ಹಾಗಾಗಿ ಯಾರೂ ನಂಬುವುದಿಲ್ಲ.

"ಮೂಗು ಅಪ್ಪಂದು, ಬಣ್ಣ ಅವ್ವಂದು ಅಂದ್ರ ಎಲ್ರೂ ಹೌದಂತಾರ್ರಿ. ಕಣ್ಣಿನ ರೋಗಾನೂ ಮನಿತನದಾಗ ಬರತೈತಿ ಅಂದ್ರ ನನಗ ಬೈತಾರ. ಹೆಣ್ಣುಮಕ್ಕಳ ಲಗ್ನ ನಿಂತಾವಂತ!" ಎಂದು ಅವರು ನನ್ನೆದುರು ಹಣೆ ಚಚ್ಚಿಕೊಳ್ಳುತ್ತಾರೆ.

ಅಕ್ಕತಂಗಿಯರು ಕೊಟ್ಟ ಊರಲ್ಲಿರುತ್ತಾರೆ, ಅಣ್ಣತಮ್ಮಂದಿರು ದುಡಿಯುವ ಊರಲ್ಲಿ. ಪಂಚಮಿಗೆ ಮಾತ್ರ ತಮ್ಮ ಹೋಗಿ ಅಕ್ಕನನ್ನು ತವರಿಗೆ ಕರೆತರುತ್ತಾನೆ, ಎಲ್ಲರೂ ಒಂದೇ ಸೂರಿನಡಿ ಸಿಗುತ್ತಾರೆ. ಅದಕ್ಕೇ ಮೆಹಜಬೀನ ಎಲ್ಲರ ಮನೆಯ ಉಂಡಿಯ, ಹಬ್ಬದ ಸಿಹಿ ಉಂಡೆಯ, ವಾಸನೆ ಹಿಡಿದು ಹೊರಡುತ್ತಾರೆ.

ಈ ಮನೆಯ ಹಿರಿಯ ತಿಮ್ಮಣ್ಣನ ಕಥೆ ಕೇಳಿದರೆ ನಮಗೇ ಸಿಟ್ಟು ಬರುತ್ತದೆ. ಕಣ್ಣು ಮಂಜಾದಾಗ ಅವರು ಪೊರೆ ಎಂದುಕೊಂಡರು. ಪೊರೆ ಹಣ್ಣಾಗಲಿ, ಆಮೇಲೆ ತೆಗೆಸಿದರಾಯಿತು ಎಂದು ಸುಗ್ಗಿಯಿಂದ ಸುಗ್ಗಿಗೆ ಮುಂದೂಡಿದರು. ಅದು ಪೊರೆಯಾಗಿರಲಿಲ್ಲ. ಈಗ ಅವರು ಗೋಡೆ ಹಿಡಿದು ನಡೆಯುತ್ತಾರೆ.

ಒಳಗಿನಿಂದ ಕೂಗಿದ್ದು ಅವರ ತಮ್ಮ ಗಾಳೇಶ. ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಓಡಿಸಿ ಭತ್ತ ಸಾಗಿಸುತ್ತಾನೆ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತವನು ವಾದಕ್ಕೇ ಇಳಿಯುತ್ತಾನೆ. "ನನಗ ಛಲೋ ಕಾಣತೈತ್ರಿ. ಕಣ್ಣಾಗ ಏನರ ಐತಿ ಅಂತ ಬರದು ಕೊಟ್ರ ಸ್ಟೇರಿಂಗ್ ಯಾರು ಕೊಡತಾರ?"

"ಕಾಣೂ ಮುಂದ ಬರ್ರಿ ಅಂತನ ಹೇಳಾಕತ್ತೀನಿ ಮಾರಾಯಾ! ಕಾಣದಂಗ ಆದಮ್ಯಾಲ ಬಂದು ಏನ್ ಮಾಡ್ತಿ?"

ಜಗಳದ ನಡುವೆ ಅಕ್ಕ ಹನುಮಂತಮ್ಮ ಉಂಡಿಯ ತಾಟು ತರುತ್ತಾಳೆ. ಮೆಹಜಬೀನರ ಕೈಗೊಂದು ಇಟ್ಟು, ತಮ್ಮನ ಎಡಕ್ಕೆ ನಿಂತು ತಾಟು ಚಾಚುತ್ತಾಳೆ. ಗಾಳೇಶ ತಿರುಗಿಯೂ ನೋಡುವುದಿಲ್ಲ. ಅವಳ ಮುಖ ಬಾಡುತ್ತದೆ. "ನಿನ್ನಿಂದ ನೋಡಾಕತ್ತೀನಿ, ಕೊಟ್ಟದ್ದು ಮುಟ್ಟವಲ್ಲಿ. ಅಕ್ಕನ ಮ್ಯಾಲ ಸಿಟ್ಟೇನೋ?"

"ಯಾವಾಗ ಕೊಟ್ಟಿ?" ಗಾಳೇಶ ಬೆರಗಾಗುತ್ತಾನೆ.

ಮೆಹಜಬೀನರ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ. "ಹನುಮಂತಮ್ಮ, ಈ ಕಡೆ ಬಾ. ಬಲಕ್ಕ ಹಿಡಿ." ಗಾಳೇಶನ ಕೈ ತಕ್ಷಣ ತಾಟಿಗೆ ಹೋಗುತ್ತದೆ. "ಈಗ ಮಾತಾಡದ ಎಡಕ್ಕ ಹೋಗು." ಅವನು ನೆಟ್ಟಗೆ ನೋಡುತ್ತ ಕಾಯುತ್ತಾನೆ. ತಾಟು ಅವನ ಎಡಗೆನ್ನೆಯ ಪಕ್ಕದಲ್ಲೇ ಇದೆ, ಕೈ ಮೇಲೇಳುವುದಿಲ್ಲ.

"ಸಿಟ್ಟಲ್ಲವ್ವ," ಮೆಹಜಬೀನ ಮೆಲ್ಲಗೆ ಹೇಳುತ್ತಾರೆ. "ಅವಗ ಕಂಡಿಲ್ಲ."

ಬಾಗಿಲಲ್ಲಿ ನಿಂತ ತಿಮ್ಮಣ್ಣ ಅಂದಾಜಿನ ಮೇಲೆ ತಮ್ಮನ ಹೆಗಲು ಹುಡುಕಿ ಹಿಡಿಯುತ್ತಾರೆ. "ನನಗೂ ಹಿಂಗ ಸುರು ಆಗಿತ್ತೋ ಗಾಳ್ಯಾ. ಗಾಡಿ ಹತ್ತು."

ಮಧ್ಯಾಹ್ನ ಕೊಪ್ಪಳದಲ್ಲಿ ವೈದ್ಯರು ಹೇಳಿದ್ದಿಷ್ಟು: ಎಡಗಣ್ಣಿನ ದೃಷ್ಟಿ ಬಹುಪಾಲು ಹೋಗಿದೆ, ಹೋದದ್ದು ಮರಳಿ ಬರುವುದಿಲ್ಲ. ದಿನವೂ ತಪ್ಪದೆ ಹನಿ ಹಾಕಿಕೊಂಡರೆ ಬಲಗಣ್ಣು ಉಳಿಯಬಹುದು. ಸದ್ಯ ಟ್ರ್ಯಾಕ್ಟರ್ ಮುಟ್ಟುವಂತಿಲ್ಲ. ಜೊತೆಗೆ ಬಂದ ಹನುಮಂತಮ್ಮನ ಕಣ್ಣು ಸರಿಯಿದೆ, ಆದರೂ ವರ್ಷಕ್ಕೊಮ್ಮೆ ಬರಬೇಕು. ಗಾಳೇಶ ಹೊರಗಿನ ಬೆಂಚಿನಲ್ಲಿ ಕುಳಿತು ಕೇಳುತ್ತಾನೆ: "ಮೇಡಂ, ನನ್ನ ಮಗಳು ಅನುಷಾಗೂ ತೋರಸಬೇಕೇನ್ರಿ?"

"ತೋರಸಬೇಕು," ಎನ್ನುತ್ತಾರೆ ಮೆಹಜಬೀನ. ಮರುಕ್ಷಣವೇ ನನ್ನತ್ತ ತಿರುಗಿದಾಗ ಸಿಟ್ಟು ಮರಳುತ್ತದೆ. "ಹೋದ ವರ್ಷ ಬಂದಾಗ ಹಿತ್ತಲದಿಂದ ಓಡಿ ಹೋಗಿದ್ದನ್ರಿ ಇವ! ಅವತ್ತ ಬಂದಿದ್ರ ಇನ್ನಷ್ಟು ಉಳಿತಿತ್ತು."

ನಿಮಗೇನು ಆಸೆ ಎಂದು ನಾನು ಮೆಹಜಬೀನರನ್ನು ಕೇಳಿದೆ. ಅವರು ಚೀಲದಿಂದ ಕಾಗದದ ಪೊಟ್ಟಣ ತೆಗೆದರು. ಬೆಳಗಿನ ಉಂಡಿ ಜಗಳದಲ್ಲಿ ಅವರ ಮುಷ್ಟಿಯಲ್ಲೇ ಪುಡಿಯಾಗಿತ್ತು.

"ಮುಂದಿನ ಪಂಚಮಿಗೆ ನಾ ಕರಿಯೂದ್ರಾಗ ಗಾಳೇಶ ತಾನ ಬಂದು ಜೀಪಿನಾಗ ಕುಂತಿರಬೇಕ್ರಿ. ನಾ ಕಟ್ಟಿ ಮ್ಯಾಲ ಕುಂತು ಒಂದು ಉಂಡಿ ಇಡೀದು ತಿನ್ನಬೇಕು."