ರಂಗವ್ವನ ಭಂಡಾರ, ಸವಿತಾಳ ಗಾಡಿ

ಹುನಗುಂದ ತಾಲ್ಲೂಕಿನ ರಾಮಥಾಳದ ಕಡೆ ಬೆಳಗಿನ ಹೊತ್ತು ಹಳೆಯ ಮೋಟರ್ ಸೈಕಲ್ಲಿನ ಸದ್ದು ಕೇಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕುರಿ ಡಾಕ್ಟರಬಾಯಿ ಹೊರಟಳು ಎಂದುಕೊಂಡು ತಮ್ಮ ಕೆಲಸ ಮುಂದುವರಿಸುತ್ತಾರೆ. ಸವಿತಾ ಡಾಕ್ಟರೇನೂ ಅಲ್ಲ, ಪಶು ಸಖಿ. ಕುರಿ, ಆಡುಗಳಿಗೆ ಲಸಿಕೆ ಹಾಕುವುದು, ಜಂತಿನ ಔಷಧ ಕುಡಿಸುವುದು, ಬೇನೆ ಕೈಮೀರಿದರೆ ಪಶು ದವಾಖಾನೆಗೆ ಫೋನು ಹಚ್ಚುವುದು ಅವಳ ಕೆಲಸ. ಆದರೆ ಜನರ ಲೆಕ್ಕದಲ್ಲಿ ಸೂಜಿ ಹಿಡಿದವರೆಲ್ಲ ಡಾಕ್ಟರೇ. ಅವಳೂ ಅದನ್ನು ತಿದ್ದುವ ಗೋಜಿಗೆ ಹೋಗಿಲ್ಲ.

ಗಾಡಿ ಮೊದಲು ಅವಳ ಗಂಡ ಮುತ್ತಪ್ಪನದಾಗಿತ್ತು. ಒಂದು ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡ. ಬಾಗಲಕೋಟೆಯಲ್ಲಿ ರಾಡು ಹಾಕಿಸಿಕೊಂಡು ಬಂದವನು ಕುಂಟುತ್ತಲೇ ಮನೆಯ ಕುರಿ ಮೇಯಿಸುತ್ತಾನೆ, ಗಾಡಿಯನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ಮಾರಿಬಿಡೋಣ ಎಂಬ ಮಾತು ಬಂದಾಗ ಸವಿತಾ, "ನಾ ಹೊಡಿತೇನಿ" ಎಂದಳು. ಅತ್ತೆ ರಂಗವ್ವ ಆ ದಿನ ಊಟ ಬಿಟ್ಟಳು, ಮಾತೂ ಬಿಟ್ಟಳು. ರಾತ್ರಿ ಬಿಸಿ ರೊಟ್ಟಿ ಕಂಡು ಊಟದ ಹಟ ಮುಗಿಯಿತು. ಮಾತಿನ ಹಟ ಸಣ್ಣಗೆ ಉಳಿದೇ ಹೋಯಿತು. ಗಾಡಿಗೆ ಅವಳು ಇಟ್ಟ ಹೆಸರು ಕಬ್ಬಿಣದ ಕೋಣ. ಸೊಸೆ ಕಿಕ್ ಹೊಡೆಯಲು ಕಾಲೆತ್ತಿದರೆ ಸಾಕು, ಕಟ್ಟೆಯ ಮೇಲೆ ಕುಳಿತ ರಂಗವ್ವ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಸವಿತಾಳಿಗೆ ಅದು ದಿನವೂ ಒಂದು ಮುಳ್ಳು. ಬಯ್ದರೆ ತಿರುಗಿ ಬಯ್ಯಬಹುದು, ತಿರುಗಿಸಿದ ಮುಖಕ್ಕೆ ಏನೆಂದು ಹೇಳುವುದು?

ಗಾಡಿಯ ವಿದ್ಯೆ ಕಲಿಸಿದವನು ಹುನಗುಂದದ ಗ್ಯಾರೇಜಿನ ಯುನೂಸ. ರಿಪೇರಿಗೆ ಹೋದಾಗಲೆಲ್ಲ ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಇದೇನು, ಅದೇನು ಎಂದು ತಲೆ ತಿನ್ನುತ್ತಿದ್ದಳು. "ಗಾಡಿಗಿ ಬೇಕಾದ್ದು ಮೂರ ತಂಗಿ. ಎಣ್ಣಿ, ಕಿಡಿ, ಉಸುರು. ನಿಂತ ಗಾಡ್ಯಾಗ ಈ ಮೂರರೊಳಗ ಒಂದು ಇರಂಗಿಲ್ಲ. ಅದನ್ನ ಹುಡುಕು, ಉಳಿದದ್ದು ಬಿಡು" ಎಂದು ಅವನು ಪ್ಲಗ್ ಬಿಚ್ಚುವ ಒಂದು ಪಾನಾ, ಒಂದು ಚೂರು ಉಸುಕಿನ ಕಾಗದ ಅವಳ ಚೀಲಕ್ಕೆ ಹಾಕಿಕೊಟ್ಟಿದ್ದ.

ಈಚೆಗೆ ಗಾಡಿಯ ಲಕ್ಷಣ ಚೆನ್ನಾಗಿರಲಿಲ್ಲ. ಪೆಟ್ರೋಲು ಜಾಸ್ತಿ ಕುಡಿಯುತ್ತಿತ್ತು, ಕಪ್ಪು ಹೊಗೆ ಬಿಡುತ್ತಿತ್ತು. ನಾಳೆ ತೋರಿಸಿದರಾಯಿತು ಎಂದು ಸವಿತಾ ದಿನ ತಳ್ಳಿದಳು. ಕೈಕೊಡಲು ಗಾಡಿ ಆರಿಸಿಕೊಂಡದ್ದು ಮಾತ್ರ ಮಾಳಿಂಗರಾಯನ ಕುರಿಗಳಿಗೆ ಲಸಿಕೆ ಒಯ್ಯುವ ದಿನವನ್ನು.

ಮಾಳಿಂಗರಾಯ ದೊಡ್ಡ ಹಿಂಡಿನ ಹಿರಿಯ. ಸೂಜಿ ಎಂದರೆ ಅವನಿಗೆ ಆಗದು. ಎಂದೋ ಒಮ್ಮೆ ಬೇನೆ ಹೊಕ್ಕ ಮೇಲೆ ಲಸಿಕೆ ಹಾಕಿಸಿ, ಸತ್ತ ಕುರಿಗಳ ಪಾಪವನ್ನೆಲ್ಲ ಸೂಜಿಯ ತಲೆಗೆ ಕಟ್ಟಿದ್ದ. ಹೋದ ಮಳೆಗಾಲ ಎಳೆಹುಲ್ಲು ತಿಂದ ಅವನ ಮರಿಗಳು ಕರುಳುಬೇನೆ ಬಂದು ಬೆಳಗಾಗುವುದರೊಳಗೆ ಸಾಲಾಗಿ ಬಿದ್ದವು. ಆಮೇಲೂ ಅವನನ್ನು ಒಪ್ಪಿಸಲು ಸವಿತಾ ಎಷ್ಟೋ ಸಲ ಅವನ ಹಟ್ಟಿಗೆ ಅಲೆದಿದ್ದಳು. ಕಡೆಗೆ, "ಬಾ ಹಂಗಾರ. ಮಧ್ಯಾಹ್ನದ ಒಳಗ ಬಾ. ಬಿಸಲು ಇಳಿದ ಮ್ಯಾಲ ನಾವು ಹೊಳಿ ಆಚೀಕ ಹೋಗವರು" ಎಂದಿದ್ದ. ಹಿಂಡು ಹೊಳೆ ದಾಟಿದರೆ ಮತ್ತೆ ಈ ಕಡೆ ಬರುವುದು ಮಳೆ ಮುಗಿದ ಮೇಲೆ. ಅಷ್ಟರಲ್ಲಿ ಮರಿಗಳಿಗೆ ಆಗುವುದು ಆಗಿಹೋಗಿರುತ್ತದೆ.

ದವಾಖಾನೆಯಿಂದ ಬರ್ಫದ ಡಬ್ಬಿಯಲ್ಲಿ ಲಸಿಕೆ ಇಟ್ಟುಕೊಂಡು ಅವಳು ಕೂಡಲಸಂಗಮದ ದಾರಿ ಹಿಡಿದಳು. ನಡುವೆ ಬೇವಿನ ಮರದ ಹತ್ತಿರ ಗಾಡಿ ಕೆಮ್ಮಿತು, ತಿಣುಕಿತು, ನಿಂತುಬಿಟ್ಟಿತು. ಕಿಕ್ ಹೊಡೆದಳು, ಚೋಕ್ ಎಳೆದು ಹೊಡೆದಳು. ಒಮ್ಮೆ ಗುರ್ ಎಂದು ಮತ್ತೆ ಸತ್ತಿತು.

ಮರದ ಕೆಳಗೆ ಕಲ್ಲಂಗಡಿ ಮಾರುತ್ತಿದ್ದ ಮುನಾಫ ಎದ್ದು ಬಂದ. "ಮಗ್ಗಲಕ್ಕ ಮಲಗಿಸಿ ಎಬ್ಬಿಸ್ರಿ ಅಕ್ಕಾರ, ಹತ್ತತೈತಿ" ಎಂದ. ಇಬ್ಬರೂ ಸೇರಿ ಮಲಗಿಸಿ ಎಬ್ಬಿಸಿದರು. ಗಾಡಿಗೆ ಒಂದಿಷ್ಟು ನಿದ್ದೆ ಸಿಕ್ಕಿತೇ ಹೊರತು ಮತ್ತೇನೂ ಆಗಲಿಲ್ಲ. ನಿಂತು ವಿಚಾರಿಸಿದ ಒಬ್ಬ ಸವಾರ ಹುನಗುಂದದ ಕಡೆ ಹೋಗುವವನು. ಬಸ್ಸು ಹಿಡಿದರೂ ಅದು ದೊಡ್ಡ ರಸ್ತೆ ಬಿಟ್ಟು ಇಳಿಯುವುದಿಲ್ಲ. ಹಟ್ಟಿ ಇರುವುದು ಬಂಡಿದಾರಿಯ ತುದಿಯಲ್ಲಿ. ನಡೆದು ಮುಟ್ಟುವಷ್ಟರಲ್ಲಿ ಬರ್ಫ ನೀರಾಗಿ, ಲಸಿಕೆ ಕಾದು ಕೆಟ್ಟಿರುತ್ತದೆ. ಡಬ್ಬಿ ಏನೆಂದು ಕೇಳಿ ತಿಳಿದ ಮುನಾಫ ಹಣ್ಣಿಗೆ ಹೊದಿಸಿದ್ದ ಹಸಿ ಗೋಣಿಚೀಲ ತೆಗೆದು ಅದರ ಸುತ್ತ ಸುತ್ತಿದ. "ಹಣ್ಣು ಬಿಸಲಿಗಿ ಹುಟ್ಟಿದ್ದರಿ, ತಡಕೊಂತಾವು" ಎಂದ.

ಸವಿತಾ ಪೆಟ್ರೋಲು ನೋಡಿದಳು, ಇತ್ತು. ಪ್ಲಗ್ಗು ಬಿಚ್ಚಿದಳು, ಮಸಿ ಕಟ್ಟಿತ್ತು. ಉಸುಕಿನ ಕಾಗದದಿಂದ ತಿಕ್ಕಿ, ಎಂಜಿನ್ನಿಗೆ ತಾಗಿಸಿ ಹಿಡಿದು ಮುನಾಫನಿಂದ ಕಿಕ್ ಹೊಡೆಸಿದಳು. ಕಿಡಿ ನೀಲಿಯಾಗಿ ಹಾರಿತು. ತಿರುಗಿ ಹಾಕಿದರೆ ಮತ್ತದೇ, ಒಂದು ಗುರ್, ಒಂದು ಸಾವು. ಅವಳಿಗೆ ಅಳುವೇ ಬಂತು. ಯುನೂಸನಿಗೆ ಫೋನು ಹಚ್ಚಿದಳು. ಅವನು ಇಳಕಲ್ಲಿನಲ್ಲಿ ಮದುವೆಯ ಊಟಕ್ಕೆ ಕುಳಿತಿದ್ದ.

"ಯುನೂಸಣ್ಣಾ, ಎಣ್ಣಿ ಐತಿ, ಕಿಡೀನೂ ಬರ್ತೈತಿ. ಗಾಡಿ ಏಳವಲ್ದು."

"ಹೊಗಿ ಹೆಂಗ ಬಿಡ್ತಿತ್ತು, ಈಗೀಗ?"

"ಕರ್ರಗ. ಎಣ್ಣೀನೂ ಭಾಳ ಕುಡಿತಿತ್ತು."

"ಮತ್ತ ನೀನ ಹೇಳಿದೆಲ್ಲ. ಹೊಟ್ಟಿ ತುಂಬೇತಿ, ಉಸುರು ಕಟ್ಟೇತಿ. ಉಸುರು ನೋಡಿಯೇನು?"

ನೋಡಿರಲಿಲ್ಲ. ಸೀಟಿನ ಕೆಳಗಿನ ಪಕ್ಕದ ಮುಚ್ಚಳದ ಕೊಂಡಿ ಎಂದೋ ಮುರಿದಿತ್ತು, ಕೈಯಿಂದ ಎಳೆದರೆ ಬರುತ್ತಿತ್ತು. ಎಳೆದಳು. ಒಳಗೆಲ್ಲ ಹಳದಿ. ಗಾಳಿ ಎಳೆಯುವ ಕರಿಯ ಕೊಳವೆಯ ಬಾಯಿಗೆ ಹಳದಿ ಪುಡಿ ಮೆತ್ತಿತ್ತು. ಏರ್ ಫಿಲ್ಟರ್ ಹೊರಗೆ ತೆಗೆದರೆ ಅದರ ಮಡಿಕೆ ಮಡಿಕೆಯಲ್ಲೂ ಅದೇ ಪುಡಿ ಗಟ್ಟಿಯಾಗಿ ಕೂತಿತ್ತು. ಮೂಸಿ ನೋಡಬೇಕಾದ್ದೇ ಇರಲಿಲ್ಲ. ಅದು ಕುರಿಗಾರರ ದೇವರು ಬೀರಪ್ಪನ ಗುಡಿಯ ಅರಿಶಿನ, ಭಂಡಾರ. ಮನೆಯಲ್ಲಿ ಅದರ ಚೀಲ ಯಾರ ಸೊಂಟದಲ್ಲಿರುತ್ತದೆ ಎಂಬುದು ಊರಿಗೇ ಗೊತ್ತು.

ಸವಿತಾಳ ಮೈ ಉರಿಯಿತು. ಬಾಯಿಂದ ತಡೆಯಲಾಗದ್ದನ್ನು ಮುದುಕಿ ಕೈಯಿಂದ ತಡೆದಳು ಎಂದುಕೊಂಡಳು. ಮನೆಗೆ ಹೋಗಿ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತ, ಕೊಳವೆಯ ಪುಡಿ ಒರೆಸಲು ಒಳಗೆ ಕೈ ಹಾಕಿದಳು. ಬೆರಳಿಗೆ ಏನೋ ದಾರ ಸಿಕ್ಕಿತು. ಬಗ್ಗಿ ನೋಡಿದರೆ, ಗಾಡಿಯ ಚೌಕಟ್ಟಿನ ಕಬ್ಬಿಣಕ್ಕೆ ಕರಿ ಉಣ್ಣೆಯ ಕಂಕಣ ಕಟ್ಟಿತ್ತು, ನಡುವೆ ಅರಿಶಿನದ ಕೊಂಬು. ಮದುವೆಯ ದಿನ ಇವಳ ಕೈಗೆ ರಂಗವ್ವ ಕಟ್ಟಿದ್ದೂ ಇಂಥದೇ ಕಂಕಣ, ಇದೇ ಗಂಟು. ಆ ಗಂಟನ್ನು ಬಿಚ್ಚಲು ಆಗ ಹಲ್ಲು ಹಚ್ಚಬೇಕಾಗಿತ್ತು. ಜೋಡಿಸಿಟ್ಟ ಬೈಗುಳವೆಲ್ಲ ಅಲ್ಲೇ ಕರಗಿಹೋಯಿತು. ಕೆಡಿಸಬೇಕೆಂದವರು ಯಾರಾದರೂ ಕಂಕಣ ಕಟ್ಟುತ್ತಾರೆಯೇ? ಒಬ್ಬ ಮಗನನ್ನು ಬೀಳಿಸಿದ ಗಾಡಿ ಇದು. ಸೊಸೆಯನ್ನಾದರೂ ಬೀಳಿಸದಿರಲಿ ಎಂದು ಮುದುಕಿ ಯಾರಿಗೂ ಕಾಣದಂತೆ ಬೇಡಿಕೊಂಡಿದ್ದಳು. ಸವಿತಾ ಕಣ್ಣೊರೆಸಿಕೊಂಡಳು. ಮುಖವೆಲ್ಲ ಹಳದಿಯಾಯಿತು.

ಫಿಲ್ಟರನ್ನು ಬೇವಿನ ಬೊಡ್ಡೆಗೆ ಮೆಲ್ಲಗೆ ಬಡಿದಳು. ಹಳದಿ ಧೂಳು ಎದ್ದು ಮುನಾಫನ ಹಣ್ಣುಗಳ ಮೇಲೆಲ್ಲ ಕೂತಿತು. ಅವನು, "ಪೂಜಿ ಆತು ಬಿಡ್ರಿ, ಇನ್ನ ಲಗೂ ಮಾರ್ತಾವು" ಎಂದ. ಪ್ಲಗ್ಗು ಮತ್ತೊಮ್ಮೆ ಒರೆಸಿ, ಎಲ್ಲ ಜೋಡಿಸಿ, ಕಂಕಣವನ್ನು ಇದ್ದಲ್ಲೇ ಬಿಟ್ಟು ಮುಚ್ಚಳ ಹಾಕಿದಳು. ಎರಡನೆಯ ಕಿಕ್ಕಿಗೆ ಗಾಡಿ ಎದ್ದಿತು. ಮೊದಲು ಕಪ್ಪಾಗಿ ಕಾರಿಕೊಂಡಿತು, ಆಮೇಲೆ ಸದ್ದು ಹದಕ್ಕೆ ಬಂತು.

ಹಟ್ಟಿಯಲ್ಲಿ ಕುರಿಗಳನ್ನು ಎಬ್ಬಿಸುತ್ತಿದ್ದರು. ಮಾಳಿಂಗರಾಯ ಕಂಬಳಿ ಹೆಗಲಿಗೇರಿಸಿ ಹೊರಡಲು ನಿಂತಿದ್ದ.

"ಹೊತ್ತು ಮೀರಿತು. ಇನ್ನ ಮುಂದಿನ ವರ್ಸ ನೋಡೋಣು" ಎಂದ.

"ಗಾಡಿ ನಿಂತಿತ್ತು ಕಾಕಾ" ಎನ್ನುತ್ತ ಸವಿತಾ ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ಹಸಿ ಚೀಲ ಕೆಲಸ ಮಾಡಿತ್ತು, ನೀರಿನಲ್ಲಿ ಬರ್ಫದ ತುಂಡುಗಳು ಇನ್ನೂ ತೇಲುತ್ತಿದ್ದವು. ಮಾಳಿಂಗರಾಯ ಡಬ್ಬಿ ನೋಡಲಿಲ್ಲ. ಅವಳ ಕೈ, ಮುಖ ನೋಡಿದ.

"ಇದೇನು ಮೈತುಂಬ ಭಂಡಾರ?"

ಅವಳು ನಡೆದದ್ದನ್ನು ಹೇಳಿದಳು. ಹಿರಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾಗಿ ಕಂಬಳಿ ಕೆಳಗಿಟ್ಟ. "ಬೀರಪ್ಪನ ಭಂಡಾರ ಹಚ್ಚಿದ ಕೈ ಬ್ಯಾಡ ಅನ್ನೋದು ಹೆಂಗವ್ವ" ಎಂದು ತಾನೇ ಮೊದಲನೆಯ ಕುರಿಯನ್ನು ಹಿಡಿದು ಅವಳ ಮುಂದೆ ನಿಲ್ಲಿಸಿದ. ಸವಿತಾ ಕೈ ತೊಳೆದುಕೊಂಡು ಸೂಜಿ ಹಿಡಿದಳು. ಹಿಂಡು ಹೊಳೆಯ ಕಡೆ ಹೊರಡುವಾಗ ಹೊತ್ತು ಇಳಿದಿತ್ತು. ಒಂದು ಮರಿಯೂ ಲಸಿಕೆ ತಪ್ಪಿಸಿಕೊಂಡಿರಲಿಲ್ಲ.

ಸಂಜೆ ಮನೆಗೆ ಬಂದವಳು ಗಾಡಿಯನ್ನು ನೇರ ಕಟ್ಟೆಯ ಮುಂದೆಯೇ ನಿಲ್ಲಿಸಿ, ಮುಚ್ಚಳ ಎಳೆದಳು.

"ಅತ್ತಿ, ಇದರೊಳಗ ಭಂಡಾರ ಹಾಕಿದವರು ಯಾರು?"

ರಂಗವ್ವ ಸೊಂಟದ ಚೀಲ ಮುಟ್ಟಿಕೊಂಡಳು. "ಅಮಾಸಿಗೊಮ್ಮಿ ಒಂದು ಮುಷ್ಟಿ ಹಾಕ್ತೇನಿ. ಹೊಸ್ತಿಲಕ್ಕ ಹಾಕ್ತೇನಿ, ಕುರಿ ದಡ್ಡಿಗಿ ಹಾಕ್ತೇನಿ. ನೀ ದಿನಾ ಏರಿ ಹೋಗೋದಕ್ಕ ಹಾಕಬಾರ್ದೇನು?"

"ಅದು ಅದರ ಮೂಗ ಅತ್ತಿ. ಉಸುರು ಕಟ್ಟಿ ನಡುದಾರ್ಯಾಗ ನಿಂತಿತ್ತು."

ರಂಗವ್ವನ ಮುಖ ಇಳಿಯಿತು. "ನಡುದಾರ್ಯಾಗ... ನೀ ಬೀಳಲಿಲ್ಲಲ್ಲ?"

"ಬೀಳಲಿಲ್ಲ. ನಿನ್ನ ಕಂಕಣ ಇತ್ತಲ್ಲ. ಮತ್ತ ನಾ ಹೊಂಟಾಗ ದಿನಾ ಮುಖಾ ಯಾಕ ತಿರುವತಿದ್ದಿ?"

"ನೀ ಹೋಗೂದು ನೋಡಾಕ ಆಗತಿರಲಿಲ್ಲ. ಎದಿ ಡವ ಡವ ಅಂತಿತ್ತು" ಎಂದಳು ರಂಗವ್ವ. ಅಷ್ಟು ಹೇಳಲು ಆ ಮುದುಕಿಗೆ ಇಷ್ಟು ಕಾಲ ಬೇಕಾಗಿತ್ತು. ಸವಿತಾ ಅವಳ ಪಕ್ಕದಲ್ಲಿ ಕುಳಿತಳು. ಬಾಗಿಲಲ್ಲಿ ನಿಂತಿದ್ದ ಮುತ್ತಪ್ಪ ಇಬ್ಬರನ್ನೂ ನೋಡಿ, ಚಹಾ ಇಡಲು ಒಳಗೆ ಹೋದ.

ಈಗ ಅಮಾವಾಸ್ಯೆ ಬಂದರೆ ರಂಗವ್ವನೇ ಫಿಲ್ಟರು ತೆಗೆದು, ಒಗೆಯುವ ಕಲ್ಲಿಗೆ ಹಗುರವಾಗಿ ಬಡಿದು, ಸೆರಗಿನಿಂದ ಒರೆಸಿ ಹಾಕುತ್ತಾಳೆ. ಯುನೂಸನೂ ಅಷ್ಟು ಚೊಕ್ಕ ಮಾಡುವುದಿಲ್ಲ ಎಂಬುದು ಅವಳ ಜಂಬ. ಭಂಡಾರ ಮುಂದಿನ ದೀಪದ ಮೇಲೆ ಒಂದು ಚಿಟಿಕೆ ಮಾತ್ರ. ಕಂಕಣವನ್ನು ಒಳಗಿಂದ ಬಿಚ್ಚಿ, "ಇನ್ನ ಮುಚ್ಚಿಡೂದೇನೈತಿ" ಎಂದು ಹ್ಯಾಂಡಲ್ಲಿಗೆ ಕಟ್ಟಿದ್ದಾಳೆ. ಸವಿತಾ ಕಿಕ್ ಹೊಡೆಯುವಾಗ ಎದ್ದು ನಿಲ್ಲುತ್ತಾಳೆ, ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಅದರ ಕಡೆಯೇ ನೋಡುತ್ತಿರುತ್ತಾಳೆ.