ಯಾರ ಬಲವಂತವೂ ಇಲ್ಲದೆ

ಅವರ ಎಡಗೈ ಹೆಬ್ಬೆರಳು ಸದಾ ನೀಲಿ. ಗುಬ್ಬಿಯ ನೋಂದಣಿ ಕಚೇರಿಯ ಎದುರು ಕೂತು ನಲವತ್ತು ವರ್ಷ ಜಮೀನಿನ ಪತ್ರ ಬರೆದವರು. ಸಹಿ ಬಾರದವರ ಹೆಬ್ಬೆಟ್ಟು ಒತ್ತಿಸುವ ಮುಂಚೆ ಇಂಕಿನ ಪ್ಯಾಡು ಸರಿಯಿದೆಯೋ ಇಲ್ಲವೋ ಎಂದು ತಮ್ಮ ಬೆರಳನ್ನೇ ಒತ್ತಿ ನೋಡುತ್ತಿದ್ದರಂತೆ. ಕೆಲಸ ಬಿಟ್ಟು ತುಮಕೂರಿನ ಸದಾಶಿವನಗರದ ಮನೆಗೆ ಬಂದು ಕೂತ ಮೇಲೂ ಆ ಬಣ್ಣ ಉಗುರಿನ ಸಂದಿಯಿಂದ ಹೋಗಿರಲಿಲ್ಲ. ಎಲ್ಲರಿಗೂ ಅವರು ರೈಟರು. ಅವರ ಮಹಡಿಯಲ್ಲಿ ಬಾಡಿಗೆಗಿದ್ದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ನನಗೆ ಅಂಕಲ್.

ಇಂಕಿನ ಪ್ಯಾಡನ್ನೇ ನಂಬದವರು ಇನ್ನು ಯಾರನ್ನು ನಂಬುತ್ತಾರೆ? ಗ್ಯಾಸ್ ಸಿಲಿಂಡರನ್ನು ತೂಕ ಹಾಕಿಸದೆ ಒಳಗೆ ಬಿಡುತ್ತಿರಲಿಲ್ಲ. ಹಾಲಿನವನ ಎದುರಿಗೇ ಪಾತ್ರೆಗೆ ಬೆರಳದ್ದಿ, “ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ” ಎಂದು ನನಗೆ ಹೇಳುತ್ತಿದ್ದರು. ಆದರೆ ನನಗೆ ಅವರ ಮೇಲೇ ಒಂದು ಗುಮಾನಿಯಿತ್ತು. ಕುಣಿಗಲ್ಲಿಗೆ ಕೊಟ್ಟಿದ್ದ ಒಬ್ಬಳೇ ತಂಗಿ ಈ ಮನೆಯ ಹೊಸ್ತಿಲು ತುಳಿದದ್ದನ್ನು ನಾನು ಕಂಡಿರಲಿಲ್ಲ. ಗುಬ್ಬಿ ಹತ್ತಿರದ ಅಪ್ಪನ ತೆಂಗಿನ ತೋಟದಲ್ಲಿ ಆಕೆಗೂ ಅರ್ಧ ಪಾಲಿತ್ತು. ಅದನ್ನು ಅಣ್ಣನಿಗೇ ಬಿಟ್ಟುಕೊಟ್ಟಿದ್ದಳು. ಆ ಪತ್ರ ಬರೆದದ್ದೂ ಈ ಅಣ್ಣನೇ. “ಅವ್ಳೇ ಇಷ್ಟಪಟ್ಟು ಬರ್ಕೊಟ್ಳು” ಎಂದು ಯಾರೂ ಕೇಳದೆಯೇ ಹೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎಂದುಕೊಳ್ಳುತ್ತಿದ್ದೆ.

ಅವರು ಮೊದಲ ಸಲ ಮಹಡಿ ಹತ್ತಿ ಬಂದದ್ದು ಜಗಳಕ್ಕೆ.

“ಮೀಟ್ರು ಯಾಕಮ್ಮ ಹಿಂಗ್ ಓಡ್ತಿದೆ? ಮೇಲೇನ್ ರೈಸ್ ಮಿಲ್ ಇಟ್ಟಿದೀಯಾ?”

ಮೇಲಿದ್ದದ್ದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರು. ಯಾರೋ ಗೇಮ್ ಆಡಿ ಬೇಸರಗೊಂಡು ಮಾರಿದ್ದ ಗ್ರಾಫಿಕ್ಸ್ ಕಾರ್ಡನ್ನು ಅದಕ್ಕೆ ಸಿಕ್ಕಿಸಿ, ಬಿಸಿ ತಾಳದೆ ಡಬ್ಬದ ಮುಚ್ಚಳ ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಹಾಕಿದ್ದೆ. ಅದಕ್ಕೆ ಕನ್ನಡ ಓದಿಸುತ್ತಿದ್ದೆ. ಓದಿದ್ದರ ಆಧಾರದ ಮೇಲೆ, ಒಂದು ಪದ ಆದ ಮೇಲೆ ಯಾವ ಪದ ಬರಬಹುದೆಂದು ಊಹಿಸಿ ಬರೆಯುವ ಪುಟ್ಟ ಭಾಷಾ ಮಾಡೆಲ್ ಅದು. ದೊಡ್ಡ ಕಂಪನಿಗಳದ್ದು ಆನೆಯಾದರೆ ನನ್ನದು ಇರುವೆ.

“ಓದಿದ್ನ ಯಾರ್ಗ್ ಹೇಳುತ್ತೆ?”

“ಯಾರ್ಗೂ ಇಲ್ಲ ಅಂಕಲ್. ಇಲ್ಲೇ ಇರುತ್ತೆ.”

“ಎಲ್ರೂ ಹಂಗೇ ಹೇಳೋದು” ಎಂದು ಇಂಟರ್ನೆಟ್ ವೈರನ್ನು ತಾವೇ ಕಿತ್ತು ಜೇಬಿಗೆ ಹಾಕಿಕೊಂಡು ಹೋದರು.

ಇರುವೆಗೆ ಹಾಕಲು ನನ್ನಲ್ಲಿ ಕಾಳಿರಲಿಲ್ಲ; ಓದಿಸಲು ಸಿಕ್ಕಿದ್ದ ಕನ್ನಡ ಬರಹ ಏನೂ ಸಾಲುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಅವರು ಬರೆದ ಪತ್ರಗಳ ಕರಡೆಲ್ಲ ಪೆನ್‌ಡ್ರೈವ್‌ನಲ್ಲಿದೆ ಎಂದು ಗೊತ್ತಾಗಿ ಹಿಂದೆ ಬಿದ್ದೆ. ತಿಂಗಳುಗಟ್ಟಲೆ ಕಾಡಿದ ಮೇಲೆ ಒಪ್ಪಿದರು. ಆಗಲೂ ಪ್ರತಿ ಪತ್ರದ ಹೆಸರು, ಊರು, ಸರ್ವೆ ನಂಬರು ಅಳಿಸಿ, “ಇಂಥವರು” ಎಂದು ಹಾಕಿಯೇ ಕೊಟ್ಟರು. ಮೊದಲು ಓದಿಸಿದ್ದ ಚೂರುಪಾರನ್ನು ಅಳಿಸಿ ಇವನ್ನಷ್ಟೇ ಹಾಕಿದೆ. ಮೂರು ದಿನ ಯಂತ್ರ ಓದಿತು. ಎರಡು ಸಲ ಕರೆಂಟ್ ಹೋಗಿ, ನಿಂತಲ್ಲಿಂದ ಮತ್ತೆ ಶುರು ಮಾಡಿದೆ. ಕೊನೆಗೆ ಅದು ನೆಟ್ಟಗೆ ಒಂದು ವಾಕ್ಯ ಬರೆದಾಗ ನಾನು ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಪರೀಕ್ಷೆಗೆ ಅಂಕಲ್ ಬಂದರು. ಪತ್ರ ಬರೆಯುವಾಗ ಅವರದೊಂದು ಕ್ರಮವಿತ್ತಂತೆ. ಆಸ್ತಿ ಕೊಡುವವರನ್ನು ‘ಇಷ್ಟಪಟ್ಟೇ ಕೊಡ್ತಿದೀರಾ?’ ಎಂದು ಮೂರು ಸಲ ಕೇಳುವುದು: ಒಮ್ಮೆ ಎಲ್ಲರ ಎದುರು, ಒಮ್ಮೆ ಉಳಿದವರನ್ನು ಟೀ ಕುಡಿಯಲು ಕಳಿಸಿ, ಒಮ್ಮೆ ಕಚೇರಿಗೆ ನಡೆಯುತ್ತಾ. ಮಾತು ಬದಲಾದರೆ ಪತ್ರ ಬರೆಯುತ್ತಿರಲಿಲ್ಲ. ಅದಕ್ಕಾಗಿ ಗುಬ್ಬಿಯಲ್ಲಿ ಅವರಿಗೆ ಮರ್ಯಾದೆಯಿತ್ತು. ಯಂತ್ರಕ್ಕೂ ಅದೇ ಕ್ರಮ. ನನ್ನೆದುರು ಒಂದೆರಡು ಸಾಲು ಟೈಪ್ ಮಾಡಿ, “ಹೋಗಮ್ಮ, ಒಂದ್ ಕಾಫಿ ಮಾಡ್ಕೊಂಡ್ ಬಾ” ಎಂದರು. ನನ್ನನ್ನು ಆಚೆ ಕಳಿಸಿ ಡಬ್ಬವನ್ನು ಒಬ್ಬಂಟಿಯಾಗಿ ವಿಚಾರಿಸುವ ಉಪಾಯ! ನಗುತ್ತಲೇ ಅಡುಗೆಮನೆಗೆ ಹೋದೆ.

ಕಾಫಿ ತಂದಾಗ ಅವರು ಪರದೆ ನೋಡುತ್ತಾ ಅಲ್ಲಾಡದೆ ಕೂತಿದ್ದರು. “ನನ್ನ ತಂಗಿ ಮೊನ್ನೆ ಊರಿಗೆ ಬಂದಳು” ಎಂದು ಅವರು ಟೈಪ್ ಮಾಡಿದ್ದರು. “ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ತನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾಳೆ” ಎಂದು ಯಂತ್ರ ಮುಂದುವರಿಸಿತ್ತು. “ನನ್ನ ತಂಗಿಗೆ ಜ್ವರ” ಎಂದರೂ ಯಾರ ಬಲವಂತವೂ ಇಲ್ಲದೆ. “ನನ್ನ ತಂಗಿ ಚೆನ್ನಾಗಿ ಹಾಡುತ್ತಾಳೆ” ಎಂದರೂ ಸ್ವಸಂತೋಷದಿಂದ. “ನನ್ನ ಅಣ್ಣ” ಎಂದರೆ ಮಾತ್ರ ಅವನು ಸದರಿ ಸ್ವತ್ತನ್ನು ಅನುಭವಿಸಿಕೊಂಡು ಬರತಕ್ಕದ್ದು.

“ಯಾರ್ ಹೇಳ್ಕೊಟ್ರು ಇದಕ್ಕೆ? ಕುಣಿಗಲ್ಲಿಂದ ಯಾರಾದ್ರೂ ಬಂದಿದ್ರಾ?”

“ಯಾರೂ ಬಂದಿಲ್ಲ ಅಂಕಲ್. ನೀವ್ ಬರ್ದಿದ್ ಬಿಟ್ರೆ ಇದಕ್ಕೆ ಬೇರೇನೂ ಗೊತ್ತಿಲ್ಲ.”

ಬಿತ್ತಿದಂತೆ ಬೆಳೆ. ಆ ಕರಡುಗಳಲ್ಲಿ ಬಿಟ್ಟುಕೊಟ್ಟವರು ಹೆಚ್ಚಾಗಿ ಅಕ್ಕತಂಗಿಯರೇ, ತೆಗೆದುಕೊಂಡವರು ಅಣ್ಣತಮ್ಮಂದಿರೇ. ತಂಗಿ ಎಂಬ ಪದವನ್ನು ಯಂತ್ರ ಬೇರೆಲ್ಲೂ ಕಂಡಿರಲಿಲ್ಲ. ಅವರು ಕಾಫಿ ಮುಟ್ಟದೆ ಇಳಿದುಹೋದರು. ಹದಿನೈದು ದಿನ ನನ್ನ ಮುಖ ನೋಡಲಿಲ್ಲ. ಮನೆ ಖಾಲಿ ಮಾಡು ಎನ್ನುತ್ತಾರೇನೋ ಎಂದು ಅಳುಕುತ್ತಿದ್ದೆ.

ಒಂದು ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿ ಹೋದರು. ಸಂಜೆ ತಾವಾಗಿ ಮೇಲೆ ಬಂದರು.

“ಆವತ್ತು ಇಷ್ಟಪಟ್ಟೇ ಸೈನ್ ಹಾಕ್ದ್ಯಾ ಅಂತ ಕೇಳ್ದೆ ಕಣಮ್ಮ. ಒಳಗ್ ಬಾ ಅನ್ಲಿಲ್ಲ. ‘ಈಗ್ಯಾಕ್ ಕೇಳ್ತಿದೀಯಣ್ಣ, ಇನ್ನೇನ್ ಬರ್ಸ್ಕೋಬೇಕು?’ ಅಂದ್ಲು.” ಹೆಬ್ಬೆರಳಿನ ನೀಲಿ ಉಜ್ಜುತ್ತಾ, “ಊರೋರ್ನೆಲ್ಲ ಮೂರ್ಮೂರ್ ಸಲ ಕೇಳ್ದೆ. ಅವ್ಳನ್ನ ಒಂದ್ಸಲಾನೂ ಕೇಳ್ಲಿಲ್ಲ” ಎಂದರು. ಅವರು ಅಳುತ್ತಿದ್ದರು.

ಅರ್ಧ ತೋಟವನ್ನು ತಂಗಿಗೆ ದಾನಪತ್ರ ಮಾಡಿದರು. ತಾವು ಬರೆಯದೆ ಬೇರೊಬ್ಬರಿಂದ ಬರೆಸಿದರು. “ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ ಬುಡು” ಎಂದರು. ಆ ತಂಗಿಯೂ ಅಣ್ಣನ ಹಾಗೇ, ಅದನ್ನು ವಕೀಲರಿಂದ ಎರಡು ಸಲ ಓದಿಸಿಯೇ ಒಪ್ಪಿದ್ದು. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಅಂಕಲ್ ಮಗ ಮಾತ್ರ, “ಮೇಡಂ, ನಿಮ್ ಡಬ್ಬದ್ ಮಾತ್ ಕೇಳಿ ನಮ್ಮಪ್ಪ ಅರ್ಧ ತೋಟ ಕಳೆದ್ರು” ಎಂದು ನನ್ನ ಜೊತೆ ಮಾತು ಬಿಟ್ಟ.

ಮುಂದಿನ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಮತ್ತೆ ಏಳಲಿಲ್ಲ. ಈಗಲೂ ಯಂತ್ರಕ್ಕೆ ಏನನ್ನೇ ಓದಿಸುವ ಮುಂಚೆ ನಾನು ಕೂತು ಓದುತ್ತೇನೆ. ಇದರಲ್ಲಿ ಬಾಯಿ ಬಿಡದೆ ಸಹಿ ಹಾಕಿದವರು ಯಾರು ಎಂದು ಹುಡುಕುತ್ತೇನೆ. ಆ ಸಂಶಯ ಅವರು ಕೊಟ್ಟದ್ದು.

ಅವರ ಉತ್ತರಕ್ರಿಯೆಗೆ, ಶಿವಗಣಾರಾಧನೆಯ ದಿನ, ತಂಗಿ ಬಂದಿದ್ದರು. ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಮಿಷಿನ್ ಇಟ್ಕೊಂಡಿರೋ ಮೇಡಂ ನೀನೇನಾ?” ಎಂದು ಕೇಳಿದರು. ಹೌದೆಂದೆ. ನನ್ನ ಕೈ ಹಿಡಿದುಕೊಂಡರು.

“ತೋಟ ತಗೊಂಡ್ ನಾನೇನ್ ಮಾಡ್ಲವ್ವ, ಮಂಡಿ ನೋವು, ಮರ ನೋಡಕ್ಕೂ ಹೋಗಕ್ಕಾಗಲ್ಲ. ಆವತ್ತೇ ಒಂದ್ ಮಾತ್ ಕೇಳಿದ್ದಿದ್ರೆ, ಇಷ್ಟಪಟ್ಟೇ ಕೊಡ್ತಿದ್ದೆ.”