ಅರ್ಧ ಗಂಟೆ ಹಿಂದಿನ ಚೀಟಿ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಮಾವನ ವೇಬ್ರಿಡ್ಜಿನ ಕೋಣೆಗೆ ಹಸಿರು ಬಣ್ಣ ಬಳಿದಿತ್ತು ಎಂದು ನನ್ನ ನೆನಪು. ತಂಗಿ ಬಿಳಿ ಎನ್ನುತ್ತಾಳೆ. ಯಾವ ಬಣ್ಣ ಬಳಿದರೂ ಮಳೆಗಾಲದೊಳಗೆ ಅದು ಅದಿರಿನ ಕೆಂಪಾಗುತ್ತಿತ್ತು, ಹಾಗಾಗಿ ಈ ಜಗಳಕ್ಕೆ ಅರ್ಥವಿಲ್ಲ. ಆಗ ನಾನು ವರದಿ ಮಾಡಿದ ಒಂದು ಕಂಪ್ಯೂಟರ್ ದೋಷದ ಪುಟ ಮಾತ್ರ ಇಂಟರ್ನೆಟ್ಟಿನಲ್ಲಿ ಇನ್ನೂ ಇದೆ. ಮೊನ್ನೆ ಹುಡುಕಿ ಓದಿದೆ. ಅದಕ್ಕೆ ಉತ್ತರಿಸಿದ ಪರದೇಶದವರು ನನ್ನನ್ನು ಹೀಯಾಳಿಸಿದ್ದರು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಅಲ್ಲಿ ಒಂದೂ ಒರಟು ಮಾತಿಲ್ಲ. ಹಾಗಾದರೆ ಆ ದಿನಗಳನ್ನು ನೆನೆದಾಗಲೆಲ್ಲ ಬಾಯಿಗೆ ಬರುವ ಕಹಿ ಯಾರದು?

ಗಣಿಯ ಭರಾಟೆಯ ವರ್ಷಗಳು. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದಿ ಹೊಸಪೇಟೆಗೆ ಮರಳಿದ್ದೆ. ಅವ್ವನ ತಮ್ಮ, ಅಂದರೆ ನನ್ನ ಮಾವ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿದ್ದ ಪಾಲು ಮಾರಿ ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿ ತೂಗುವ ವೇಬ್ರಿಡ್ಜ್ ಹಾಕಿದ್ದ. ಡ್ರೈವರುಗಳು ಅದನ್ನು ಕಾಟಾ ಎನ್ನುತ್ತಿದ್ದರು. ಲಾರಿ ಕಾಟಾದ ಮೇಲೆ ನಿಂತರೆ ನಂಬರು, ತೂಕ, ಸಮಯ ಹಾಕಿ ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ನಾನೇ ಬರೆದುಕೊಟ್ಟೆ, ಪುಕ್ಕಟೆ ಸಿಗುವ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಇಂಥ ಭಾಷೆಯ ಜೊತೆ ಒಂದು ಉಗ್ರಾಣವೂ ಬರುತ್ತದೆ. ಅದನ್ನು ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಾರೆ. ದಿನಾಂಕ, ಸಮಯದ ಲೆಕ್ಕವನ್ನು ಯಾರೂ ತಾವೇ ಬರೆಯುವುದಿಲ್ಲ, ಉಗ್ರಾಣದಿಂದ ಎತ್ತಿಕೊಳ್ಳುತ್ತಾರೆ. ಇಟ್ಟವರು ನೋಡಿಯೇ ಇಟ್ಟಿರುತ್ತಾರೆಂಬ ನಂಬಿಕೆ.

ಅವ್ವ ಚಿತ್ತವಾಡ್ಗಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ರೈಲ್ವೆ ಯಾರ್ಡಿಗೆ ಹೋಗುವ ಲಾರಿಗಳು ಆ ಶಾಲೆಯ ಮುಂದಿನ ಒಳದಾರಿಯನ್ನೇ ಹಿಡಿಯುತ್ತಿದ್ದವು. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಮಕ್ಕಳು ಬರುವಾಗ ಅವ್ವ ರಸ್ತೆಯ ನಡುವೆ ನಿಂತು, ಎರಡೂ ಕೈ ಚಾಚಿ, ಅವರನ್ನು ದಾಟಿಸುತ್ತಿದ್ದಳು. ಒಂದನೇ ತರಗತಿಯ ಒಬ್ಬಳ ಚೀಲ ಲಾರಿಯ ಕೊಕ್ಕೆಗೆ ಸಿಕ್ಕಿ ಹರಿದ ಮೇಲೆ ಟೀಚರುಗಳು, ಓಣಿಯವರು ಸೇರಿ ಕಚೇರಿಗಳಿಗೆ ಅಲೆದಾಡಿ ಒಂದು ನಿಯಮ ಮಾಡಿಸಿದರು: ಎಂಟು ಗಂಟೆಯೊಳಗೆ ತೂಕವಾದ ಲಾರಿಗೆ ಮಾತ್ರ ಒಳದಾರಿ, ಆಮೇಲೆ ಹತ್ತರವರೆಗೆ ಬಂದ್. ದಾರಿಯ ತುದಿಗೆ ಅಡ್ಡ ಬಿದಿರು, ಚೀಟಿ ನೋಡಲು ಒಬ್ಬ ಗೇಟಿನವನು. ಆ ನಿಯಮಕ್ಕಾಗಿ ಕರೆದ ಸಭೆಯಲ್ಲಿ ಮಾವನೂ ಮಾತಾಡಿದ. "ನಮ್ಮಕ್ಕನ ಸಾಲಿ ಅಂದ್ರ ನಮ್ಮನಿ ಇದ್ದಂಗ" ಎಂದು ಮಕ್ಕಳಿಗೆ ಸ್ಟೀಲ್ ತಟ್ಟೆ ಹಂಚಿದ. ಒಂದೊಂದು ತಟ್ಟೆಯ ಮೇಲೂ ಕಾಟಾದ ಹೆಸರು ಕೆತ್ತಿಸಿದ್ದ.

ಅದಾಗಿ ಸ್ವಲ್ಪ ದಿನಕ್ಕೆ ಮಾವನ ಕಾಟಾದ ಮುಂದೆ ಬೆಳಿಗ್ಗೆ ಲಾರಿಗಳ ಸಾಲು ಬೆಳೆಯಿತು. ಪಕ್ಕದ ಎರಡು ಕಾಟಾ ಖಾಲಿ, ನಮ್ಮದರ ಮುಂದೆ ಹಾರ್ನು. ನನ್ನ ಪ್ರೋಗ್ರಾಮ್ ಚುರುಕಾಗಿದೆ, ಅದಕ್ಕೇ ಬರುತ್ತಾರೆ ಎಂದುಕೊಂಡೆ. ಬಳ್ಳಾರಿ ಕಡೆಯ ಒಬ್ಬ ಡ್ರೈವರ್ ಕಿಟಕಿಯಿಂದ ಚೀಟಿ ಇಸಿದುಕೊಳ್ಳುತ್ತ ನಕ್ಕ.

"ನಿಮ್ಮ ಕಾಟಾದಾಗ ಟೈಮು ಭಾಳ ಮೆತ್ತಗ ನಡಿತದ ನೋಡ್ರಿ ಅಕ್ಕಾ."

"ಹಂಗಂದ್ರ?"

"ಏನಿಲ್ರಿ. ಮಸ್ತ್ ಐತಿ. ಹಿಂಗ ಇರ್ಲಿ."

ನಾನು ಗೋಡೆಯ ಗಡಿಯಾರ ನೋಡಿದೆ. ಎಂಟೂ ಇಪ್ಪತ್ತು. ಚೀಟಿಯಲ್ಲಿ ಏಳೂ ಐವತ್ತು.

ಕಾರಣ ಹುಡುಕಲು ತುಂಬಾ ಹೊತ್ತು ಬೇಕಾಗಲಿಲ್ಲ. ನನ್ನ ಪ್ರೋಗ್ರಾಮ್ ಗ್ರೀನ್‌ವಿಚ್ ಸಮಯವನ್ನು ಇಟ್ಟುಕೊಂಡು, ಮುದ್ರಿಸುವಾಗ ನಮ್ಮ ಸಮಯಕ್ಕೆ ಬದಲಿಸಲು ಲೈಬ್ರರಿಗೆ ಕೊಡುತ್ತಿತ್ತು. ನಮ್ಮ ದೇಶಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಹಾಕಿದ್ದ ಆ ಭಾಷೆಯ ಹೊಸ ಆವೃತ್ತಿ ಐದನ್ನು ಕೂಡಿಸಿ ಅರ್ಧವನ್ನು ಬಿಟ್ಟುಬಿಡುತ್ತಿತ್ತು. ಅದನ್ನು ಬರೆದವರ ಊರುಗಳಿಗೂ ಗ್ರೀನ್‌ವಿಚ್ಚಿಗೂ ಪೂರ್ಣ ಗಂಟೆಗಳ ವ್ಯತ್ಯಾಸವೇ ಇತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನನ್ನ ಚೀಟಿಯನ್ನು ಅಲ್ಲೇ ಸರಿಮಾಡಿಬಿಡಬಹುದಿತ್ತು, ಅರ್ಧ ಗಂಟೆಯನ್ನು ಕೈಯಿಂದ ಕೂಡಿಸಿ. ಹಾಗೆ ಮಾಡಿದರೆ ಲೈಬ್ರರಿ ಸರಿಯಾದ ದಿನ ನನ್ನದು ಅರ್ಧ ಗಂಟೆ ಮುಂದಕ್ಕೆ ಓಡುತ್ತದೆ. ಮೂಲದಲ್ಲೇ ಸರಿಯಾಗಲಿ ಎಂದು ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ಹೋದೆ. ಅಲ್ಲಿನ ಕೀಬೋರ್ಡಿನ ಅಂಟು ಇವತ್ತಿಗೂ ಬೆರಳಿನಲ್ಲಿದೆ. ಪಕ್ಕದ ಪರದೆಗಳ ಹಿಂದಿನ ಗಂಡಸರು ಏನು ನೋಡುತ್ತಿದ್ದಾರೆಂದು ತಿಳಿಯದಂತೆ ಗೋಡೆ ನೋಡಿಕೊಂಡು ಟೈಪ್ ಮಾಡಬೇಕು. ಆ ಭಾಷೆಯನ್ನು ಕಟ್ಟುವವರ ಪುಟದಲ್ಲಿ ವರದಿ ಹಾಕಿದೆ, ಇಂಥ ದೋಷವನ್ನು ಅವರು ಬಗ್ ಎನ್ನುತ್ತಾರೆ. 'ನಮ್ಮಲ್ಲಿ ಸರಿಯಾಗಿ ಬರುತ್ತಿದೆ, ದೋಷ ಕಾಣುತ್ತಿಲ್ಲ' ಎಂದು ಉತ್ತರ ಬಂತು. ಇದೇ ಮಾತು ನನ್ನ ನೆನಪಿನಲ್ಲಿ ಹೀಯಾಳಿಕೆಯಾಗಿ ಬೆಳೆದದ್ದು. ನಿಮ್ಮ ಯಂತ್ರವನ್ನು ಭಾರತದ ಸಮಯಕ್ಕೆ ಹಾಕಿ ನೋಡಿ ಎಂದು ಬರೆದೆ. ಹಾಕಿ ನೋಡಿದರು, ಒಪ್ಪಿದರು, ತಿದ್ದುಪಡಿ ನೀನೇ ಬರೆದು ಕಳಿಸುತ್ತೀಯಾ ಎಂದು ಕೇಳಿದರು.

ಬರೆದೆ. ಅದು ತಪ್ಪಿತ್ತು. ಗ್ರೀನ್‌ವಿಚ್ಚಿನ ಪಶ್ಚಿಮಕ್ಕೂ ಅರ್ಧ ಗಂಟೆಯ ಊರುಗಳಿವೆ. ಅಲ್ಲಿ ಮೂರೂವರೆ ಕಳೆಯಬೇಕು. ನನ್ನ ತಿದ್ದುಪಡಿ ಮೂರನ್ನು ಕಳೆದು ಅರ್ಧವನ್ನು ಕೂಡಿಸುತ್ತಿತ್ತು. ಅಂಥ ಒಂದು ಊರಿನವನೇ ಅದನ್ನು ತೋರಿಸಿಕೊಟ್ಟ. ಮುಖ ಕಾಣದ ಒಬ್ಬ ಮನುಷ್ಯ ತನ್ನ ಊರಿನ ಅರ್ಧ ಗಂಟೆಗಾಗಿ ನನ್ನೊಡನೆ ವಾದಿಸಿದ. ಎರಡನೇ ಸಲ ಸರಿಯಾಯಿತು. ಜೊತೆಗೆ ಪರೀಕ್ಷೆಯೊಂದನ್ನೂ ಸೇರಿಸಿದೆವು, ಮುಂದೆ ಯಾರೇ ಕೈಹಾಕಿದರೂ ಈ ತಪ್ಪು ಮತ್ತೆ ನುಸುಳದ ಹಾಗೆ. ಆ ಕಾಲದಲ್ಲಿ ನನಗೆ ಅಸಹ್ಯವಾಗದ ಕೆಲಸ ಅದೊಂದೇ.

ಹೊಸ ಆವೃತ್ತಿ ಬಂದಾಗ ಸಿಡಿಗೆ ತುಂಬಿಕೊಂಡು ಕಾಟಾಕ್ಕೆ ಹೋದೆ. ಮಾವ ಲಾರಿಯ ಕೀಲಿಯಿಂದ ಕಿವಿ ಕೆರೆಯುತ್ತ ಕೂತಿದ್ದ. ಕೀಲಿಯ ತುದಿಯನ್ನು ನೋಡಿ, ಪ್ಯಾಂಟಿಗೆ ಒರೆಸಿ, ಮತ್ತೆ ಕಿವಿಗೆ ಹಾಕಿದ.

"ಮಾವ, ಚೀಟಿ ಟೈಮು ತಪ್ಪು ಬರ್ತಿತ್ತು, ಅಮೆರಿಕಾದೋರು ಬರೆದದ್ದರಾಗ ತಪ್ಪಿತ್ತು. ಈಗ ಸರಿಯಾಗೇತಿ. ಹಾಕ್ತೀನಿ."

"ಬ್ಯಾಡ."

"ಯಾಕ?"

"ನಡೆಯೋ ಗಾಡಿ ಬಿಚ್ಚಬಾರ್ದು."

"ನಿನಗ ಗೊತ್ತಿತ್ತೇನು?"

ಅವನು ಹಲ್ಲು ಬಿಟ್ಟ. "ಏನ್ ಗೊತ್ತಿತ್ತೇನು? ನಾ ಕಂಪ್ಯೂಟರ್ ಓದೀನೇನ್ಲೇ? ನೀನ ಹೇಳ್ದಿ ಅದು ಅಮೆರಿಕಾದೋರ ತಪ್ಪು ಅಂತ. ಅವರು ತಪ್ಪು ಮಾಡಿದ್ರ ಅದು ಬಗ್ಗು, ನಾ ಸುಮ್ನಿದ್ರ ಕಳ್ಳತನೇನು?"

"ಎಂಟೂಕಾಲಿಗೆ ತೂಗಿದ ಲಾರಿ ಸಾಲಿ ಮುಂದ ಹೊಕ್ಕಾವು. ಹುಡುಗ್ರು ಬರೋ ಹೊತ್ತು ಅದು."

"ಬರ್ಲಿ. ನಿಮ್ಮವ್ವ ನಿಂತಿರ್ತಾಳಲ್ಲ ಅಲ್ಲಿ, ಪೊಲೀಸರಂಗ."

ಬಾಗಿಲಲ್ಲಿದ್ದ ಡ್ರೈವರ್ ನಕ್ಕ. ಮಾವ ನನ್ನ ಮುಂದೆ ಪೇಡೆಯ ಡಬ್ಬಿ ದೂಡಿ, ಅದೇ ಕೀಲಿ ಹಿಡಿದ ಕೈಯಿಂದ ಒಂದನ್ನು ಎತ್ತಿಕೊಟ್ಟ. "ತಿನ್ನು. ಓದಿದೋರಿಗೆ ಸಿಟ್ಟು ಜಲ್ದಿ." ಪೇಡೆಯ ಮೇಲೂ ಕೆಂಪು ಧೂಳಿತ್ತು. ಇದ್ದಿರಲಿಕ್ಕಿಲ್ಲ. ಇತ್ತು ಎಂದೇ ನನಗೆ ಕಾಣುತ್ತದೆ.

ಭಾನುವಾರ ಮಾವ ಮದುವೆಗೆ ಹೋಗಿದ್ದಾಗ ಕಾಟಾದವರಿಗೆ ಹೇಳಿಯೇ ಹೊಸದನ್ನು ಹಾಕಿದೆ. ಚೀಟಿಯೂ ಗಡಿಯಾರವೂ ಒಂದಾದವು. ಎರಡು ದಿನ ಬೆಳಿಗ್ಗೆ ಸಾಲು ಪಕ್ಕದ ಕಾಟಾಗಳಿಗೂ ಹರಡಿತು, ಎಂಟರ ಮೇಲೆ ಒಳದಾರಿ ಖಾಲಿ. ಅವ್ವ ರಸ್ತೆಗೆ ಇಳಿಯಬೇಕಾಗಲಿಲ್ಲವಂತೆ, ಶಾಲೆಯ ಗೇಟಿನಲ್ಲೇ ನಿಂತು ಮಕ್ಕಳನ್ನು ಒಳಗೆ ಕರೆದುಕೊಂಡಳಂತೆ. ಮೂರನೆಯ ದಿನ ಮತ್ತೆ ನಮ್ಮ ಮುಂದೆಯೇ ಸಾಲು. ಮಾವ ಸೈಬರ್ ಕೆಫೆಯವನನ್ನು ಕರೆಸಿ, ಹಳೆಯ ಸಿಡಿ ಹುಡುಕಿಸಿ, ಹಳೆಯ ಆವೃತ್ತಿಯನ್ನೇ ಮರಳಿ ಹಾಕಿಸಿದ್ದ. ಜೊತೆಗೆ ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್, ನನಗೆ ಗೊತ್ತಿಲ್ಲದ್ದು.

ಜಗತ್ತಿನ ಉಳಿದೆಡೆಯೆಲ್ಲ ಆ ತಪ್ಪನ್ನು ಅಳಿಸುತ್ತಿದ್ದರು. ನಮ್ಮಲ್ಲಿ ಒಬ್ಬನಿಗೆ ದುಡ್ಡು ಕೊಟ್ಟು ಅದನ್ನು ಮತ್ತೆ ಕೂಡಿಸಿದ್ದರು. ಲೈಬ್ರರಿಯ ದೋಷವಾಗಿದ್ದದ್ದು ಅವತ್ತಿನಿಂದ ನಮ್ಮ ಮನೆಯದಾಯಿತು. ಮೂಗು ಸೀನಿದರೆ ಕರವಸ್ತ್ರ ಕೆಂಪಾಗುವ ಊರಿನಲ್ಲಿ ಅಸಹ್ಯ ಹೊಸದೇನಲ್ಲ, ಆದರೆ ಅದು ತೊಳೆದರೆ ಹೋಗುತ್ತಿತ್ತು.

ಗೇಟಿನವನ ಹತ್ತಿರ ಹೋಗಿ ಹೇಳಿದೆ, ಈ ಚೀಟಿಗಳನ್ನು ನಂಬಬೇಡ, ನಿನ್ನ ವಾಚು ನೋಡು ಎಂದು. ಅವನು ವಿನಯದಿಂದಲೇ ಎದ್ದು ನಿಂತ.

"ನನಗ ಚೀಟಿ ನೋಡು ಅಂದಾರ್ರಿ, ಗಡಿಯಾರ ನೋಡು ಅಂದಿಲ್ಲ. ಟೀಚರಮ್ಮನೂ ಹಿಂಗ ಒಂದಿನ ಜಗಳಕ್ಕ ಬಂದಿದ್ರು. ಚೀಟಿ ಕೈಯಾಗ ಕೊಟ್ಟೆ. ನೋಡಿದ್ರು, ವಾಪಸ್ ಕೊಟ್ಟು ಹೋದ್ರು."

"ಯಾವಾಗ?"

"ಭಾಳ ದಿನ ಆತ್ರಿ. ಗೇಟು ಹಾಕಿದ ಹೊಸದರಾಗ."

ನಾನು ಮನೆಗೆ ಬಂದೆ. ಅವ್ವ ಹೊಲಿಗೆ ಬಿಚ್ಚಿದ ರವಿಕೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಲೈಬ್ರರಿ, ಅರ್ಧ ಗಂಟೆ, ಹಳೆಯ ಸಿಡಿ, ಎಲ್ಲವನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ಸೂಜಿಗೆ ದಾರ ಪೋಣಿಸಿಕೊಡು ಎಂದಳು. ಪೋಣಿಸಿಕೊಟ್ಟೆ. ಆಮೇಲೆ ಕೇಳಿದೆ. ಅವತ್ತು ಕೇಳಿದ್ದನ್ನು ಮುಂದೆಯೂ ಕೇಳಿದ್ದೇನೆ, ಲಾರಿಗಳೆಲ್ಲ ನಿಂತುಹೋಗಿ, ಅವಳು ನಿವೃತ್ತಳಾಗಿ, ಮಾವನ ಕಾಟಾದ ಮೇಲೆ ಹುಲ್ಲು ಬೆಳೆದ ಮೇಲೂ. ಪ್ರತಿ ಸಲ ಅವಳು ಬೇರೆ ಯಾವುದೋ ಕೆಲಸಕ್ಕೆ ಎದ್ದು ಹೋಗುತ್ತಾಳೆ.

"ಅವ್ವಾ, ಆ ಚೀಟಿ ಮ್ಯಾಲ ಮಾವನ ಕಾಟಾದ ಹೆಸರು ನೋಡಿದಿ, ಟೈಮು ಸುಳ್ಳು ಅನ್ನೋದೂ ನೋಡಿದಿ. ಆದ್ರೂ ಏನೂ ಅನ್ನದ, ದಿನಾ ರಸ್ತೆದಾಗ ಹೋಗಿ ಕೈ ಚಾಚಿ ನಿಂತ್ಯಲ್ಲ, ಯಾರನ್ನ ಉಳಿಸಾಕ?"